ಮರಳಿ ಹೊರಟವನಿಗೆ ಸುಳ್ಳಿನ ಬುತ್ತಿ ಬೇಡ

ಪರದೇಶಕ್ಕೆ ಹೋಗಿ, ಅಲ್ಲಿನ ಸರಕಾರವು ವಿಧಿಸಿದ ಅವಧಿ ಮುಗಿದ ಮೇಲೂ ಅಲ್ಲಿಯೇ ಉಳಿದು, ಕೊನೆಗೊಮ್ಮೆ ಊರಿಗೆ ಬಂದ ತರುಣನು ಪುನಃ ಅದೇ ದೇಶಕ್ಕೆ ಹೋಗಬಯಸಿದಾಗ ನಮ್ಮವರಿಂದ ಅವನಿಗೆ ದೊರೆಯುವ ಸಲಹೆಗಳು ಸಾಮಾನ್ಯವಾಗಿ ಮೂರು. ಹಳೆಯ ಪಾಸ್‌ಪೋರ್ಟ್ ಕಳೆದುಹೋಯಿತೆಂದು ಹೇಳಿ, ಹೆಸರಿನ ಅಕ್ಷರಗಳನ್ನು ತುಸು ಬದಲಿಸಿ ಹೊಸದನ್ನು ಮಾಡಿಸು ಎಂಬುದು ಮೊದಲನೆಯದು. 'ಹಿಂದೆ ಎಂದಾದರೂ ಅವಧಿ ಮೀರಿ ಉಳಿದಿದ್ದೀರಾ' ಎಂಬ ಪ್ರಶ್ನೆಗೆ 'ಇಲ್ಲ' ಎಂದು ಬರೆ, ಯಾರು ನೋಡುತ್ತಾರೆ ಎಂಬುದು ಎರಡನೆಯದು. ನೀನು ಬಸದಿಯ ಟ್ರಸ್ಟಿನಲ್ಲಿ ಕಾಯಂ ನೌಕರನೆಂದೂ, ರಜೆ ಪಡೆದು ಹೋಗಿ ಬರುವೆಯೆಂದೂ ಟ್ರಸ್ಟಿನಿಂದ ಒಂದು ಪತ್ರ ತೆಗೆದುಕೋ ಎಂಬುದು ಮೂರನೆಯದು. ಈ ಸಲಹೆಗಳನ್ನು ಕೊಡುವವರು ಕಳ್ಳಕಾಕರಲ್ಲ. ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡುವ, ರಾತ್ರಿಭೋಜನವನ್ನು ತ್ಯಜಿಸಿದ, ನೀರನ್ನು ಸೋಸಿ ಕುಡಿಯುವ ಗೃಹಸ್ಥರೇ ಹೀಗೆ ಹೇಳುತ್ತಾರೆ. ಆದುದರಿಂದಲೇ ಈ ವಿಷಯವನ್ನು ನಮ್ಮ ಸಮಾಜದ ಮುಂದೆ ನಿಷ್ಠುರವಾಗಿ ಎತ್ತಬೇಕಾಗಿದೆ.

ನನ್ನ ವಾದ ಇಷ್ಟು. ಅವಧಿ ಮೀರಿ ಉಳಿದುದು ಒಂದು ತಪ್ಪು. ಅದಕ್ಕೆ ಅಲ್ಲಿನ ಕಾನೂನಿನಲ್ಲಿಯೇ ಅಳತೆಯೂ ಇದೆ, ಕೊನೆಯೂ ಇದೆ. ಆದರೆ ಆ ತಪ್ಪನ್ನು ಮುಚ್ಚಲು ಹೇಳುವ ಸುಳ್ಳು ಅದಕ್ಕಿಂತ ದೊಡ್ಡ ತಪ್ಪು. ಮತ್ತು ಈ ಎರಡನೆಯ ತಪ್ಪಿನಲ್ಲಿ ಹೆಚ್ಚಿನ ಪಾಲು ಹುಡುಗನದಲ್ಲ, ಸಲಹೆ ಕೊಟ್ಟ ಹಿರಿಯರದು ಮತ್ತು ಪತ್ರ ಬರೆದುಕೊಟ್ಟ ಟ್ರಸ್ಟಿನದು.

ಪ್ರಶ್ನೆ ಈಗ ಎದ್ದುದೇಕೆ?

ದುಡಿಯುತ್ತ ದೇಶ ಸುತ್ತುವ ತರುಣರಿಗೆಂದು ಆಸ್ಟ್ರೇಲಿಯವು 1975ರಿಂದ ಒಂದು ಬಗೆಯ ವೀಸಾ ನೀಡುತ್ತ ಬಂದಿದೆ. ಮೊದಲು ಅದು ಬ್ರಿಟನ್, ಐರ್ಲೆಂಡ್, ಕೆನಡಾ ದೇಶಗಳ ತರುಣರಿಗೆ ಮಾತ್ರ ದೊರೆಯುತ್ತಿತ್ತು. ಕ್ರಮೇಣ ಅನೇಕ ದೇಶಗಳಿಗೆ ವಿಸ್ತರಿಸಿತು. ಭಾರತ ಮತ್ತು ಆಸ್ಟ್ರೇಲಿಯಗಳ ನಡುವೆ 2022ರ ಏಪ್ರಿಲ್ 2ರಂದು ಸಹಿಯಾಗಿ, ಅದೇ ವರ್ಷದ ಡಿಸೆಂಬರ್ 29ರಂದು ಜಾರಿಗೆ ಬಂದ ಆರ್ಥಿಕ ಸಹಕಾರ ಮತ್ತು ವ್ಯಾಪಾರ ಒಪ್ಪಂದದ ಫಲವಾಗಿ 2024-25ರ ಸಾಲಿನಿಂದ ನಮ್ಮ ದೇಶದವರಿಗೂ ವರ್ಷಕ್ಕೆ 1000 ಸ್ಥಾನಗಳು ದೊರೆತವು. ಇದಕ್ಕೆ 'ವರ್ಕ್ ಅಂಡ್ ಹಾಲಿಡೇ' ವೀಸಾ ಎಂದು ಹೆಸರು, ಉಪವರ್ಗ 462. ವಯಸ್ಸು 18ರಿಂದ 30ರೊಳಗೆ ಇರಬೇಕು. 25 ಡಾಲರ್ ಕೊಟ್ಟು ನೋಂದಾಯಿಸಿಕೊಂಡವರಲ್ಲಿ ಚೀಟಿ ಎತ್ತಿ ಆಯ್ಕೆ ಮಾಡುತ್ತಾರೆ. ಮೊದಲ ಸಲವೇ ಸಾವಿರ ಸ್ಥಾನಗಳಿಗೆ ಹತ್ತಾರು ಸಾವಿರ ಮಂದಿ ಹೆಸರು ಕೊಟ್ಟರು.

ಈ ವೀಸಾದ ಅವಧಿ 12 ತಿಂಗಳು. ಒಬ್ಬ ಮಾಲೀಕನ ಬಳಿ ಸಾಮಾನ್ಯವಾಗಿ 6 ತಿಂಗಳಿಗಿಂತ ಹೆಚ್ಚು ಕಾಲ ದುಡಿಯುವಂತಿಲ್ಲ. ನಿಗದಿಪಡಿಸಿದ ಪ್ರದೇಶಗಳಲ್ಲಿ ನಿಗದಿಪಡಿಸಿದ ಕೆಲಸವನ್ನು 3 ತಿಂಗಳು ಮಾಡಿದವನು ಎರಡನೆಯ ವರ್ಷಕ್ಕೂ ಅರ್ಜಿ ಸಲ್ಲಿಸಬಹುದು. ಅಂದರೆ ಇನ್ನೂ ಕೆಲವು ಕಾಲ ಇರಬೇಕೆನ್ನುವವನಿಗೆ ನ್ಯಾಯವಾದ ದಾರಿಯೂ ಉಂಟು. ಮೊದಲ ತಂಡಗಳ ಹನ್ನೆರಡು ತಿಂಗಳು ಈಗ ಮುಗಿಯತೊಡಗಿದೆ. 'ಇನ್ನು ನಾಲ್ಕು ತಿಂಗಳು ಇದ್ದು ಬರಲಿ, ಹೋದ ಖರ್ಚಾದರೂ ಹುಟ್ಟಲಿ' ಎಂಬ ಮಾತು ಮನೆಗಳಲ್ಲಿ ಕೇಳಿಬರುವ ಕಾಲವಿದು. ಆ ನಾಲ್ಕು ತಿಂಗಳ ಬೆಲೆ ಎಷ್ಟೆಂಬುದನ್ನು ಮೊದಲು ತಿಳಿಯೋಣ.

ಕಾನೂನಿನ ಲೆಕ್ಕ

ಆಸ್ಟ್ರೇಲಿಯದ 1958ರ ವಲಸೆ ಅಧಿನಿಯಮದ ಪ್ರಕಾರ ವೀಸಾ ಇಲ್ಲದೆ ಆ ನೆಲದಲ್ಲಿರುವ ಪರದೇಶೀಯನು ಕಾನೂನುಬಾಹಿರ ನಿವಾಸಿ. ವೀಸಾ ಮುಗಿದ ಮರುದಿನದಿಂದಲೇ ಅವನು ಹಾಗಾಗುತ್ತಾನೆ. 28 ದಿನಗಳ ರಿಯಾಯಿತಿ ಇದೆಯೆಂದು ಹಲವರು ತಿಳಿದಿದ್ದಾರೆ. ಅದು ಉಳಿಯುವುದಕ್ಕೆ ಕೊಟ್ಟ ಅನುಮತಿಯಲ್ಲ. 1994ರ ವಲಸೆ ನಿಯಮಾವಳಿಯಲ್ಲಿ 4014 ಎಂಬ ಕ್ರಮಾಂಕದ ಒಂದು ನಿಬಂಧನೆಯಿದೆ. ವೀಸಾ ಮುಗಿದ ಮೇಲೆ 28 ದಿನಗಳನ್ನೂ ದಾಟಿ ಕಾನೂನುಬಾಹಿರನಾಗಿ ಉಳಿದು ಹೊರಟವನಿಗೆ, ಅವನು ದೇಶ ಬಿಟ್ಟ ದಿನದಿಂದ 3 ವರ್ಷಗಳವರೆಗೆ, ಈ ನಿಬಂಧನೆ ಅನ್ವಯಿಸುವ ತಾತ್ಕಾಲಿಕ ವೀಸಾಗಳು ದೊರೆಯುವುದಿಲ್ಲ. 28 ದಿನಗಳೊಳಗೆ ಹೊರಟವನಿಗೆ ಈ ಮೂರು ವರ್ಷಗಳ ನಿಷೇಧ ತಗಲುವುದಿಲ್ಲ. ಆದರೂ ಅವನು ಅವಧಿ ಮೀರಿದ ಸಂಗತಿ ದಾಖಲೆಯಲ್ಲಿ ಉಳಿಯುತ್ತದೆ, ಮುಂದಿನ ಅರ್ಜಿಯಲ್ಲಿ ಅದನ್ನು ಹೇಳಲೇಬೇಕಾಗುತ್ತದೆ.

ಇಲ್ಲಿ ವ್ಯಾಪಾರಿಯ ಕಣ್ಣಿಗೆ ಎರಡು ಅಂಶಗಳು ಬೀಳಬೇಕು. ನಿಷೇಧದ ಎಣಿಕೆ ಆರಂಭವಾಗುವುದು ದೇಶ ಬಿಟ್ಟ ದಿನದಿಂದ. ಆದ್ದರಿಂದ ಅಡಗಿದ್ದ ಪ್ರತಿ ತಿಂಗಳೂ ಮರಳುವ ದಿನವನ್ನು ಅಷ್ಟೇ ಮುಂದೂಡುತ್ತದೆ. ಎರಡನೆಯದಾಗಿ, ಮೊದಲ ವರ್ಕ್ ಅಂಡ್ ಹಾಲಿಡೇ ವೀಸಾ ಜನ್ಮದಲ್ಲಿ ಒಂದೇ ಸಲ; ಎರಡನೆಯ ವರ್ಷದ ವೀಸಾಕ್ಕೂ ವಯಸ್ಸಿನ ಮಿತಿ 30. ಇಪ್ಪತ್ತೆಂಟರಲ್ಲಿ ಅವಧಿ ಮೀರಿದವನು ನಿಷೇಧ ಮುಗಿಸಿ ಹೊರಬರುವಾಗ ಮೂವತ್ತೊಂದು. ನಾಲ್ಕು ತಿಂಗಳ ಕೂಲಿಗಾಗಿ ಅವನು ಆ ಬಾಗಿಲನ್ನು ಶಾಶ್ವತವಾಗಿ ಮುಚ್ಚಿಕೊಂಡಂತಾಯಿತು.

ಇನ್ನು ಸುಳ್ಳಿನ ಲೆಕ್ಕ. ಅದೇ ನಿಯಮಾವಳಿಯ 4020ನೆಯ ನಿಬಂಧನೆಯಂತೆ ಅರ್ಜಿಯಲ್ಲಿ ಸುಳ್ಳು ಮಾಹಿತಿಯನ್ನೋ ಖೋಟಾ ದಾಖಲೆಯನ್ನೋ ಕೊಟ್ಟವನ ವೀಸಾ ತಿರಸ್ಕೃತವಾಗುವುದಲ್ಲದೆ ಮುಂದಿನ 3 ವರ್ಷಗಳವರೆಗೂ ಅದೇ ಕಾರಣದಿಂದ ತಿರಸ್ಕಾರವಾಗಬಹುದು. ತಾನು ಯಾರೆಂಬುದನ್ನೇ ಮರೆಮಾಚಿದವನಿಗೆ 10 ವರ್ಷ. ಮೂರು ವರ್ಷ ಕಾದಿದ್ದರೆ ಮುಗಿಯುತ್ತಿದ್ದ ಋಣವು ಒಂದು ಪತ್ರದಿಂದ ಇಮ್ಮಡಿಯಾಯಿತು. ಹೆಸರಿನ ಅಕ್ಷರ ಬದಲಿಸಿದ್ದರಿಂದ ಹದಿಮೂರಕ್ಕೇರಿತು. ಇಷ್ಟು ಬಡ್ಡಿಗೆ ನಮ್ಮಲ್ಲಿ ಯಾರಾದರೂ ಸಾಲ ಮಾಡುತ್ತಾರೆಯೇ? ಇದಲ್ಲದೆ ಆಸ್ಟ್ರೇಲಿಯ, ನ್ಯೂಜಿಲೆಂಡ್, ಕೆನಡಾ, ಬ್ರಿಟನ್, ಅಮೆರಿಕ ಈ ಐದು ದೇಶಗಳು ವಲಸೆಯ ವಿಷಯದಲ್ಲಿ ಪರಸ್ಪರ ಮಾಹಿತಿ ಹಂಚಿಕೊಳ್ಳುತ್ತವೆ. ನಮ್ಮ ದೇಶದಲ್ಲಿಯೂ 1967ರ ಪಾಸ್‌ಪೋರ್ಟ್ ಅಧಿನಿಯಮದ 12ನೆಯ ಕಲಮಿನಂತೆ ಸುಳ್ಳು ಹೇಳಿ ಪಾಸ್‌ಪೋರ್ಟ್ ಪಡೆದವನಿಗೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಐದು ಸಾವಿರ ರೂಪಾಯಿಗಳವರೆಗೆ ದಂಡ ಅಥವಾ ಎರಡೂ ಉಂಟು.

ಆದರೆ ಶಿಕ್ಷೆಯ ಭಯದಿಂದಲೇ ಸತ್ಯವನ್ನು ಹೇಳಬೇಕೆನ್ನುವುದು ಶ್ರಾವಕರಿಗೆ ಶೋಭಿಸುವ ಮಾತಲ್ಲ. ಸಿಕ್ಕಿಬೀಳದಿದ್ದರೆ ಸರಿಯೇ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಆದುದರಿಂದ ನಮ್ಮವರು ಕೊಡುವ ಸಮರ್ಥನೆಗಳನ್ನೇ ಒಂದೊಂದಾಗಿ ಪರೀಕ್ಷಿಸೋಣ.

ಸಮರ್ಥನೆಗಳ ಪರೀಕ್ಷೆ

'ಅವನು ಯಾರ ಗಂಟನ್ನೂ ಕದಿಯಲಿಲ್ಲ, ಬೆವರು ಸುರಿಸಿ ದುಡಿದ' ಎಂಬುದು ಮೊದಲನೆಯ ಸಮರ್ಥನೆ. ತನ್ನ ಗೋದಾಮನ್ನು ಹನ್ನೊಂದು ತಿಂಗಳ ಕರಾರಿಗೆ ಬಾಡಿಗೆಗೆ ಕೊಟ್ಟ ವರ್ತಕನನ್ನು ಕೇಳಿ ನೋಡಿ. ಕರಾರು ಮುಗಿದ ಮೇಲೂ ಖಾಲಿ ಮಾಡದ ಬಾಡಿಗೆದಾರನು 'ನಾನು ಇಲ್ಲಿ ಪ್ರಾಮಾಣಿಕವಾಗಿ ವ್ಯಾಪಾರ ಮಾಡುತ್ತಿದ್ದೇನಲ್ಲ' ಎಂದರೆ ಆ ವರ್ತಕನು ಒಪ್ಪುತ್ತಾನೆಯೇ? ಮುದ್ದತು ಎಂಬುದರ ಅರ್ಥವನ್ನು ನಮ್ಮಷ್ಟು ಬಲ್ಲವರು ಯಾರೂ ಇಲ್ಲ. ಕೊಡದೆ ಇರುವುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ. ಆ ದೇಶವು ಕೊಟ್ಟದ್ದು ಹನ್ನೆರಡು ತಿಂಗಳು, ಹದಿನಾರನ್ನಲ್ಲ. ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ, ಕಳ್ಳ ತೂಕ ಮತ್ತು ಕಲಬೆರಕೆಗಳ ಜೊತೆಯಲ್ಲಿಯೇ 'ವಿರುದ್ಧರಾಜ್ಯಾತಿಕ್ರಮ'ವನ್ನೂ ಎಣಿಸಲಾಗಿದೆ. ರಾಜ್ಯವು ವಿಧಿಸಿದ ಎಲ್ಲೆ ಕಟ್ಟಳೆಗಳನ್ನು ಮೀರುವುದನ್ನು ನಮ್ಮ ಆಚಾರ್ಯರು ಕಳ್ಳ ತೂಕದ ಸಾಲಿನಲ್ಲಿ ನಿಲ್ಲಿಸಿದ್ದಾರೆ. ತಕ್ಕಡಿಯ ವಿಷಯದಲ್ಲಿ ಇಷ್ಟು ಎಚ್ಚರವಿರುವ ನಾವು ಎಲ್ಲೆಯ ವಿಷಯದಲ್ಲಿ ಮಾತ್ರ ಉದಾರಿಗಳಾಗುವುದೇಕೆ?

ಅಲ್ಲದೆ ಆ ಬೆವರಿನ ಕಥೆಯನ್ನೂ ಪೂರ್ತಿಯಾಗಿ ಹೇಳಬೇಕು. ವೀಸಾ ಮುಗಿದವನಿಗೆ ದುಡಿಯುವ ಹಕ್ಕಿಲ್ಲ. ಅವನಿಗೆ ಕೆಲಸ ಕೊಡುವುದೂ ಅಲ್ಲಿ ಅಪರಾಧ. ಆದ್ದರಿಂದ ಅವನಿಗೆ ಕೆಲಸ ಕೊಡುವವನು ಕಾನೂನಿಗೆ ಅಂಜದವನು. ಅಂಥವನು ಕೂಲಿಯನ್ನು ಮಾತ್ರ ನ್ಯಾಯವಾಗಿ ಕೊಡುತ್ತಾನೆಂದು ನಂಬುವುದು ಹೇಗೆ? ವೀಸಾ ಸ್ಥಿತಿ ಏನೇ ಇದ್ದರೂ ದುಡಿದವನಿಗೆ ನ್ಯಾಯವಾದ ವೇತನ ಸಲ್ಲಬೇಕೆಂದು 2023ರ ತಿದ್ದುಪಡಿಯಲ್ಲಿ ಅಲ್ಲಿಯ ಕಾರ್ಮಿಕ ಕಾನೂನು ಸ್ಪಷ್ಟಪಡಿಸಿದೆ. ಆದರೆ ಸಿಕ್ಕಿಬೀಳುವ ಭಯದಲ್ಲಿರುವವನು ದೂರು ಕೊಡಲು ಯಾವ ಕಚೇರಿಯ ಮೆಟ್ಟಿಲು ಹತ್ತುತ್ತಾನೆ? ಮಗನನ್ನು ಇನ್ನು ನಾಲ್ಕು ತಿಂಗಳು ಇರು ಎನ್ನುವ ತಂದೆಯು ಅವನನ್ನು ಇಂಥ ಮಾಲೀಕನ ಕೈಗೆ ಒಪ್ಪಿಸುತ್ತಿದ್ದಾನೆ.

'ಅರ್ಜಿ ತುಂಬಿದವನು ಏಜೆಂಟ, ನಾವಲ್ಲ' ಎಂಬುದು ಎರಡನೆಯ ಸಮರ್ಥನೆ. ಸಹಿ ಯಾರದು? ಲೆಕ್ಕ ಬರೆದವನು ಗುಮಾಸ್ತನೆಂದು ಹೇಳಿ ತೆರಿಗೆಯ ಅಧಿಕಾರಿಯ ಮುಂದೆ ಯಾವ ವ್ಯಾಪಾರಿಯಾದರೂ ಪಾರಾದದ್ದುಂಟೇ? ಕೃತ, ಕಾರಿತ, ಅನುಮೋದಿತ ಎಂದು ಕರ್ಮಕ್ಕೆ ಮೂರು ಬಾಗಿಲುಗಳನ್ನು ಹೇಳಿರುವ ಧರ್ಮದಲ್ಲಿ ಹುಟ್ಟಿದವರು ಈ ನೆಪವನ್ನು ಒಡ್ಡಲಾರರು. ಇನ್ನು 'ಇಲ್ಲ' ಎಂಬ ಉತ್ತರದ ಮೂರ್ಖತನವನ್ನೂ ಗಮನಿಸಬೇಕು. ಅವನು ಬಂದ ದಿನ, ಹೋದ ದಿನ ಎರಡನ್ನೂ ಬರೆದಿಟ್ಟುಕೊಂಡ ಇಲಾಖೆಯೇ ಆ ಪ್ರಶ್ನೆ ಕೇಳುತ್ತದೆ. ಉತ್ತರ ಅದಕ್ಕೆ ಗೊತ್ತಿದೆ. ಅದು ನೋಡಬೇಕೆಂದಿರುವುದು ಇವನು ನಿಜ ಹೇಳುತ್ತಾನೆಯೇ ಎಂಬುದನ್ನು.

'ಆ ಕಾನೂನು ಕ್ರೂರವಾದುದು, ಬಡ ದೇಶದವರಿಗೆಂದೇ ಮಾಡಿದ್ದು' ಎಂಬುದು ಮೂರನೆಯದು. ಈ ನಿಬಂಧನೆ ಯಾವುದೇ ಒಂದು ದೇಶದವರಿಗಾಗಿ ಮಾಡಿದ್ದಲ್ಲ. ಅವಧಿ ಮೀರಿದ ಬ್ರಿಟಿಷನಿಗೂ ಜರ್ಮನನಿಗೂ ಅದೇ ಮೂರು ವರ್ಷ. ನಮ್ಮ ದೇಶವೂ ಈ ವಿಷಯದಲ್ಲಿ ಮೃದುವಲ್ಲ. 2025ರ ವಲಸೆ ಮತ್ತು ವಿದೇಶೀಯರ ಅಧಿನಿಯಮದಂತೆ ಇಲ್ಲಿ ಅವಧಿ ಮೀರಿ ಉಳಿದ ವಿದೇಶೀಯನಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 3 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ನಮ್ಮ ಮನೆಗೆ ಬಂದವನಿಂದ ನಾವು ಬಯಸುವ ಮರ್ಯಾದೆಯನ್ನು ಪರರ ಮನೆಯಲ್ಲಿ ತೋರುವುದು ನಮ್ಮ ಕರ್ತವ್ಯ.

ಆದರೂ ಈ ಮೂರನೆಯ ಆಕ್ಷೇಪದಲ್ಲಿ ಒಂದಂಶ ಸತ್ಯವಿದೆಯೆಂದು ಒಪ್ಪಬೇಕು. 4014ರ ನಿಷೇಧವನ್ನು ಸಡಿಲಿಸುವ ಅಧಿಕಾರವೇನೋ ಇದೆ. ಆದರೆ ಅದು ಆಸ್ಟ್ರೇಲಿಯ ದೇಶದ ಹಿತಕ್ಕೆ ಸಂಬಂಧಿಸಿದ ಬಲವಾದ ಕಾರಣಕ್ಕಾಗಿ, ಅಥವಾ ಅಲ್ಲಿಯ ನಾಗರಿಕನಿಗೋ ಕಾಯಂ ನಿವಾಸಿಗೋ ಅಲ್ಲಿ ನೆಲೆಸಿದ ಅರ್ಹ ನ್ಯೂಜಿಲೆಂಡ್ ನಾಗರಿಕನಿಗೋ ಸಂಬಂಧಿಸಿದ ಅನುಕಂಪದ ಕಾರಣಕ್ಕಾಗಿ ಮಾತ್ರ. ಅರ್ಜಿದಾರನ ಸ್ವಂತ ಸಂಕಟಕ್ಕೆ ಅಲ್ಲಿ ಎಡೆಯಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದರಿಂದ ದಿನ ದಾಟಿದವನನ್ನೂ, ದುಡ್ಡಿನ ಆಸೆಯಿಂದ ವರ್ಷಗಟ್ಟಲೆ ಅಡಗಿದವನನ್ನೂ ಒಂದೇ ಮೂರು ವರ್ಷದಿಂದ ಅಳೆಯುವುದು ವಿವೇಕವಲ್ಲ. ಈ ಮಾತನ್ನು ಆ ಸರಕಾರಕ್ಕೆ ಬರೆಯಬಹುದು, ಅಲ್ಲಿ ನೆಲೆಸಿರುವ ನಮ್ಮ ಬಂಧುಗಳು ತಮ್ಮ ಪ್ರತಿನಿಧಿಗಳಿಗೆ ಹೇಳಬಹುದು. ಕಾನೂನನ್ನು ಎದುರು ನಿಂತು ಪ್ರಶ್ನಿಸುವುದು ಬೇರೆ, ಅದರ ಬೆನ್ನ ಹಿಂದೆ ಸುಳ್ಳು ಪತ್ರ ಬರೆಯುವುದು ಬೇರೆ. ಪ್ರಾಣಭಯದಿಂದ ದೇಶ ಬಿಟ್ಟು ಓಡಿದವರ ವಿಷಯವೂ ಪ್ರತ್ಯೇಕವಾದುದು. ಅವರನ್ನು ನಾನು ಇಲ್ಲಿ ಎಳೆದು ತರುತ್ತಿಲ್ಲ. ಚೀಟಿಯಲ್ಲಿ ಗೆದ್ದು, ವಿಹಾರಕ್ಕೆಂದು ಹೋದವನ ಮಾತು ಇದು.

'ಒಬ್ಬನಿಂದ ಯಾರಿಗೆ ನಷ್ಟ' ಎಂಬುದು ಕೊನೆಯದು. ಅವನ ಹಿಂದೆ ಸಾಲಿನಲ್ಲಿ ನಿಂತವರಿಗೆ ನಷ್ಟ. ಹತ್ತಾರು ಸಾವಿರ ಮಂದಿಯಲ್ಲಿ ಸಾವಿರ ಮಂದಿಗೆ ಸಿಕ್ಕಿದ ಅವಕಾಶವಿದು. ಅದನ್ನು ಪಡೆದವನು ಮಾತು ತಪ್ಪಿದರೆ ಮುಂದಿನ ಅರ್ಜಿಗಳನ್ನು ನೋಡುವ ಅಧಿಕಾರಿಯ ಮನಸ್ಸಿನಲ್ಲಿ ಸಂಶಯ ಬೀಜವಾಗಿ ಬೀಳುತ್ತದೆ. ಮೊಮ್ಮಗುವನ್ನು ನೋಡಲು ಹೊರಟ ಮುದುಕಿಯೂ ಆ ಸಂಶಯಕ್ಕೆ ಉತ್ತರ ಕೊಡಬೇಕಾಗುತ್ತದೆ.

ಟ್ರಸ್ಟಿನ ಕಾಗದ

ಈಗ ನಮ್ಮ ಧಾರ್ಮಿಕ ಸಂಸ್ಥೆಗಳ ಪಾತ್ರ. ಕೆಲವು ಕಾಲದ ಹಿಂದೆ, ನಾನು ಲೆಕ್ಕಪತ್ರಗಳನ್ನು ನೋಡಿಕೊಡುವ ಒಂದು ಟ್ರಸ್ಟಿನ ಸಭೆಗೆ ಇಂಥ ಪತ್ರವೊಂದರ ಕರಡು ಬಂದಿತು. ಕೊಲ್ಲಿ ದೇಶವೊಂದರಿಂದ ಅವಧಿ ಮೀರಿ ಬಂದ ತರುಣನನ್ನು ನಮ್ಮ ಕಚೇರಿಯ ಮ್ಯಾನೇಜರನೆಂದು ಅದರಲ್ಲಿ ಬರೆದಿತ್ತು. ಅವನ ತಂದೆ ದಾನಿಗಳು, ಸಜ್ಜನರು. 'ಒಂದು ಕಾಗದ ತಾನೇ' ಎಂದರು ಸದಸ್ಯರೊಬ್ಬರು. ನಾನು ಕೇಳಿದೆ: ವೇತನದ ಚೀಟಿ ಕೇಳಿದರೆ ಏನು ಮಾಡೋಣ? ಹಾಜರಿ ಪುಸ್ತಕದಲ್ಲಿ ಅವನ ಹೆಸರು ಬರೆಯಬೇಕು. ವೇತನ ಕೊಟ್ಟಂತೆ ವೋಚರು ಮಾಡಬೇಕು. ವೋಚರಿಗೆ ತಕ್ಕಂತೆ ನಗದು ಪುಸ್ತಕದಲ್ಲಿ ಖರ್ಚು ಹಾಕಬೇಕು. ಆ ಖರ್ಚು ಲೆಕ್ಕಪರಿಶೋಧಕರ ವರದಿಗೆ ಹೋಗಬೇಕು. ಅಲ್ಲಿಂದ ಆದಾಯ ತೆರಿಗೆಯ ವಿನಾಯಿತಿಯ ಕಾಗದಪತ್ರಗಳಿಗೆ ಹೋಗಬೇಕು. ಭಗವಂತನ ಹೆಸರಿನಲ್ಲಿ ಹುಂಡಿಗೆ ಬಿದ್ದ ಹಣದ ಲೆಕ್ಕವು ಒಬ್ಬ ಹುಡುಗನ ವೀಸಾಕ್ಕಾಗಿ ಆಮೂಲಾಗ್ರವಾಗಿ ಸುಳ್ಳಾಗಬೇಕು. ಕರಡು ಹಿಂದಕ್ಕೆ ಹೋಯಿತು. ತಂದೆಗೆ ಬೇಸರವಾಯಿತು, ಅದು ಸಹಜ. ಆದರೆ ಎಷ್ಟು ಟ್ರಸ್ಟುಗಳಲ್ಲಿ ಕರಡು ಹಿಂದಕ್ಕೆ ಹೋಗದೆ ಮೊಹರು ಬೀಳುತ್ತಿದೆಯೋ ಎಂಬುದೇ ನನ್ನ ಚಿಂತೆ.

ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶವೂ ಕೂಟಲೇಖಕ್ರಿಯೆಯೂ ಸೇರಿವೆ. ತಪ್ಪು ದಾರಿಯನ್ನು ಉಪದೇಶಿಸುವುದು ಒಂದು, ಸುಳ್ಳು ಪತ್ರವನ್ನು ಬರೆಯುವುದು ಇನ್ನೊಂದು. ಏಜೆಂಟನು ಮೊದಲನೆಯದನ್ನು ಮಾಡಿದರೆ ಟ್ರಸ್ಟು ಎರಡನೆಯದನ್ನು ಮಾಡುತ್ತದೆ. ಹುಡುಗನು ಆಸೆಯಿಂದಲೋ ಅವಿವೇಕದಿಂದಲೋ ನಾಲ್ಕು ತಿಂಗಳು ಹೆಚ್ಚು ಉಳಿದ. ನಾವು ತಿಳಿದು, ಕುರ್ಚಿಯಲ್ಲಿ ಕುಳಿತು, ಜಿನಬಿಂಬದ ಚಿತ್ರವಿರುವ ಕಾಗದದ ಮೇಲೆ ಸುಳ್ಳನ್ನು ಬರೆಯುತ್ತೇವೆ. ಯಾರ ದೋಷ ಹೆಚ್ಚು?

ನೇರವಾದ ದಾರಿ

ಹಾಗಾದರೆ ತಪ್ಪಿದವನು ಮಾಡಬೇಕಾದುದೇನು? ಇನ್ನೂ ಅಲ್ಲಿಯೇ ಇರುವವನು ಮೊದಲು ಅಡಗುವುದನ್ನು ಬಿಡಬೇಕು. ಗೃಹ ವ್ಯವಹಾರ ಇಲಾಖೆಯನ್ನು ತಾನಾಗಿ ಸಂಪರ್ಕಿಸಿ, ಹೊರಡುವ ಸಿದ್ಧತೆಗಾಗಿ 'ಬ್ರಿಡ್ಜಿಂಗ್ ವೀಸಾ ಇ' ಎಂಬ ತಾತ್ಕಾಲಿಕ ವೀಸಾಕ್ಕೆ ಅರ್ಜಿ ಸಲ್ಲಿಸಿ, ಸ್ವಂತ ಖರ್ಚಿನ ಟಿಕೆಟ್ಟಿನಲ್ಲಿ ಹೊರಡಬೇಕು. ಬಲವಂತವಾಗಿ ಹೊರಹಾಕಿಸಿಕೊಂಡರೆ ಆ ಖರ್ಚು ಅವನ ಮೇಲಿನ ಸಾಲವಾಗುತ್ತದೆ. ಅದನ್ನು ತೀರಿಸದೆ, ಅಥವಾ ತೀರಿಸುವ ಏರ್ಪಾಡು ಮಾಡದೆ ಮುಂದಿನ ವೀಸಾಕ್ಕೆ ತೊಡಕುಂಟು. ಟಿಕೆಟ್ಟು, ವೀಸಾದ ಆದೇಶ, ಆಸ್ಪತ್ರೆಯ ಚೀಟಿಗಳಿದ್ದರೆ ಅವೆಲ್ಲವನ್ನೂ ಕಾಪಾಡಿಕೊಳ್ಳಬೇಕು.

ಊರಿಗೆ ಬಂದವನು, ನಿಷೇಧ ತಗಲಿದ್ದರೆ, ಹೊರಟ ದಿನಾಂಕದಿಂದ ಮೂರು ವರ್ಷ ಕಾಯಬೇಕು. ಆಮೇಲೆ ಅರ್ಜಿ ಸಲ್ಲಿಸುವಾಗ ಆ ಪ್ರಶ್ನೆಗೆ 'ಹೌದು' ಎಂದೇ ಬರೆಯಬೇಕು. ಎಂದಿನಿಂದ ಎಂದಿನವರೆಗೆ, ಏತಕ್ಕಾಗಿ ಎಂಬುದನ್ನು ಒಂದು ಪುಟದಲ್ಲಿ ಸರಳವಾಗಿ ತಿಳಿಸಬೇಕು. ಆಲೋಚನೆಗೆ ಹತ್ತು ದೋಷಗಳನ್ನು ನಮ್ಮ ಶಾಸ್ತ್ರಗಳು ಹೇಳುತ್ತವೆ. ಬೇರೆಯವರ ಕಣ್ಣಿಗೆ ಬಿದ್ದ ತಪ್ಪನ್ನಷ್ಟೇ ಹೇಳುವುದು ಒಂದು ದೋಷ. ದೊಡ್ಡದನ್ನು ಮುಚ್ಚಿ ಚಿಕ್ಕದನ್ನು ಹೇಳುವುದು ಇನ್ನೊಂದು. ಮುನಿಗಳು ಗುರುಗಳ ಮುಂದೆ ಪಾಲಿಸಬೇಕಾದ ಈ ನಿಯಮವು ವೀಸಾ ಅರ್ಜಿ ತುಂಬುವವನಿಗೂ ಉತ್ತಮ ಮಾರ್ಗದರ್ಶಿ. ನಿಜ ಹೇಳಿದ ಮಾತ್ರಕ್ಕೆ ವೀಸಾ ಖಂಡಿತವಾಗಿ ಸಿಗುತ್ತದೆಂದು ನಾನು ಭರವಸೆ ಕೊಡಲಾರೆ. ಅಧಿಕಾರಿಯು ಹಳೆಯ ತಪ್ಪನ್ನು ನೆನೆದು ನಿರಾಕರಿಸಲೂಬಹುದು. ಆದರೆ ಹಾಗೆ ನಿರಾಕರಿಸಲ್ಪಟ್ಟವನ ಮೇಲೆ ಹೊಸ ನಿಷೇಧ ಬೀಳುವುದಿಲ್ಲ, ಅವನು ಮತ್ತೆ ತಲೆಯೆತ್ತಿ ಅರ್ಜಿ ಹಾಕಬಹುದು.

ಇಷ್ಟು ಅವನ ಕರ್ತವ್ಯ. ನಮ್ಮ ಕರ್ತವ್ಯವೂ ಒಂದಿದೆ. ಮುನಿಸಂಘದ ಪ್ರಾಯಶ್ಚಿತ್ತಗಳಲ್ಲಿ 'ಪರಿಹಾರ' ಎಂದರೆ ನಿಯತ ಕಾಲದವರೆಗೆ ಸಂಘದಿಂದ ದೂರವಿರಿಸುವುದು. ಅದರ ಜೊತೆಯಲ್ಲಿಯೇ 'ಉಪಸ್ಥಾಪನೆ'ಯನ್ನೂ ಹೇಳಲಾಗಿದೆ. ಅಂದರೆ ತಪ್ಪಿದವನನ್ನು ಮರಳಿ ವ್ರತದಲ್ಲಿ ನಿಲ್ಲಿಸುವುದು. ಆಸ್ಟ್ರೇಲಿಯದ ಮೂರು ವರ್ಷವೂ ಕಾಲ ಮುಗಿದೊಡನೆ ತೀರುವಂಥದು. ಆದರೆ ನಮ್ಮ ಸಮಾಜದಲ್ಲಿ ಅವಧಿ ಮುಗಿಸಿ ನೇರವಾಗಿ ಬಂದು ಅಪ್ಪನ ಅಂಗಡಿಯಲ್ಲಿ ಕುಳಿತವನನ್ನು 'ಕೈಲಾಗದೆ ಬಂದ' ಎಂದು ನಗುತ್ತಾರೆ. ಅಡಗಿ ಕುಳಿತು ಹಣ ಕಳಿಸುವವನ ಹೆಸರನ್ನು ಪೂಜೆಯ ಸವಾಲಿನಲ್ಲಿ ಮೈಕಿನಲ್ಲಿ ಕೂಗುತ್ತಾರೆ. ಹೆಣ್ಣು ಕೊಡುವವರು ಮೊದಲನೆಯವನನ್ನು ಎರಡು ಸಲ ಪ್ರಶ್ನಿಸುತ್ತಾರೆ, ಎರಡನೆಯವನನ್ನು ಒಂದು ಸಲವೂ ಪ್ರಶ್ನಿಸುವುದಿಲ್ಲ. ಹೀಗಿರುವಾಗ ಹುಡುಗರು ಅವಧಿ ಮೀರಿದರೆ, ಮರಳಲು ಸುಳ್ಳು ಹೇಳಿದರೆ, ಅದನ್ನು ಕಲಿಸಿದವರು ಯಾರು?

ಧರ್ಮಬಂಧುಗಳಾದ ಟ್ರಸ್ಟಿಗಳಲ್ಲಿ ನನ್ನ ವಿನಂತಿ ಇದು. ಮುಂದಿನ ವಾರ್ಷಿಕ ಸಭೆಯಲ್ಲಿ ಒಂದು ಸಣ್ಣ ನಿರ್ಣಯವನ್ನು ಅಂಗೀಕರಿಸಿರಿ. ಟ್ರಸ್ಟಿನ ಪುಸ್ತಕಗಳಲ್ಲಿ ದಾಖಲಾದ ಸಂಗತಿಯನ್ನು ಬಿಟ್ಟು ಬೇರಾವುದನ್ನೂ ಯಾರ ವೀಸಾಕ್ಕಾಗಿಯೂ ಬರೆದುಕೊಡಬಾರದು. ಬರೆದುಕೊಟ್ಟ ಪ್ರತಿಯೊಂದು ಪತ್ರಕ್ಕೂ ಜಾವಕ ಪುಸ್ತಕದಲ್ಲಿ ಕ್ರಮಸಂಖ್ಯೆ ಇರಬೇಕು. ದಾನಿಯ ಮಗನಿಗೂ ಪೂಜಾರಿಯ ಮಗನಿಗೂ ಒಂದೇ ನಿಯಮವಿರಬೇಕು. ತಪ್ಪಿ ಬಂದ ತರುಣನಿಗೆ ಸಹಾಯ ಮಾಡಬೇಕೆಂದು ನಿಜವಾಗಿ ಅನಿಸಿದರೆ ಆ ಮೂರು ವರ್ಷ ಅವನಿಗೆ ಟ್ರಸ್ಟಿನಲ್ಲಿ ನಿಜವಾದ ಕೆಲಸವನ್ನು, ನಿಜವಾದ ವೇತನವನ್ನು ಕೊಡಿರಿ. ಆಗ ಅವನು ಕೇಳುವ ಪತ್ರವನ್ನು ಯಾವ ಅಳುಕೂ ಇಲ್ಲದೆ ಬರೆದುಕೊಡಬಹುದು.